ತೂಕಡಿಕೆ ಕ್ಯಾಸೆಟ್ಟು

ಹಾಡಿನ ಹುಚ್ಚಿರುವ ಯಾರನ್ನು ಬೇಕಾದರೂ ಕೇಳಿ, ಆ ತಂಡದ ಐದನೇ ಕ್ಯಾಸೆಟ್ಟಿನ ಬಗ್ಗೆ ಅರ್ಧ ಗಂಟೆ ಬಿಡದೆ ಮಾತಾಡುತ್ತಾರೆ. ಅಂಥದ್ದು ಹಿಂದೆ ಬಂದಿಲ್ಲ, ಮುಂದೆ ಬರಲ್ಲ ಅನ್ನುತ್ತಾರೆ. ಅದಕ್ಕಿಂತ ಒಂದು ವರ್ಷ ಮೊದಲು ಬಂದ ನಾಲ್ಕನೆಯದು ಹೇಗಿತ್ತು ಅಂತ ಕೇಳಿದರೆ ಮಾತ್ರ ಆಕಳಿಸಿ ತೋರಿಸುತ್ತಾರೆ. ಅದಕ್ಕೆ ಬಿದ್ದ ಹೆಸರೇ ತೂಕಡಿಕೆ ಕ್ಯಾಸೆಟ್ಟು. ಹಾಡುಗಳೇನೂ ಕೆಟ್ಟವಲ್ಲ, ಹೊಟ್ಟೆ ತುಂಬ ಉಂಡು ಎದ್ದವರು ನುಡಿಸಿದ ಹಾಗಿದೆ ಅಷ್ಟೇ, ಅಂತ ಜನರ ತೀರ್ಪು.

ಈ ತಮಾಷೆ ಬಂದಾಗಲೆಲ್ಲ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಟೇಪಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಗಲಿಗೆ ಕೈ ಹೋಗಬಾರದು ಅಂತ ಇವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಅವಳದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಟೇಪು ಓಡಿಸುವ ಕೆಲಸ. ಇವತ್ತಿಗೂ ಅದೇ ಕೋಣೆ, ಅದೇ ಕುರ್ಚಿ, ಗೋಡೆಗೆ ಅಂಟಿಸಿದ ಅದೇ ದಪ್ಪ ಬಟ್ಟೆ. ಟೇಪಕ್ಕ ಅನ್ನುವ ಹೆಸರಿಟ್ಟವನು ಆ ತಂಡದ ಡ್ರಮ್ಮಿನವನು. ಅವಳಿಗಿಂತ ಎರಡು ವರ್ಷ ಚಿಕ್ಕವನು, ಬಾಯಿ ತುಂಬ ಮಾತು. "ಅಕ್ಕ ಟೇಪು ಹಚ್ಚಿದ್ರೆ ನಮ್ಮ ತಪ್ಪೂ ತಾಳಕ್ಕೆ ಬರತ್ತೆ" ಅಂತ ಹೊಗಳುತ್ತಿದ್ದ. ಅವನ ಕೈ ಗಡಿಯಾರಕ್ಕಿಂತ ನೆಟ್ಟಗೆ ಅಂತ ಉಳಿದವರೂ ಒಪ್ಪುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ನಾಲ್ಕನೇ ಕ್ಯಾಸೆಟ್ಟಿನ ಹಾಡುಗಳೆಲ್ಲ ಮುಗಿದಿದ್ದವು. ಮೂಲ ಟೇಪಿನಿಂದ ಇನ್ನೊಂದು ಟೇಪಿಗೆ ಪ್ರತಿ ಇಳಿಸಿ, ಕ್ಯಾಸೆಟ್ ಮಾಡುವ ಕಾರ್ಖಾನೆಗೆ ಕಳಿಸುವುದೊಂದು ಬಾಕಿ. ಆಗ ಟೇಪಕ್ಕನ ಮಗಳಿಗೆ ಏಳು ತಿಂಗಳು. ಮಗು ಅತ್ತೆಯ ಹತ್ತಿರ, ಇವಳು ಸ್ಟುಡಿಯೋದಲ್ಲಿ. ಹಿಂದಿನ ವಾರವೇ ಮಾಲೀಕರು ಚುಚ್ಚಿದ್ದರು: "ಮಗು ಮನೇಲಿ, ಮನಸ್ಸೂ ಮನೇಲಿ. ಇಲ್ಲಿಗೆ ಬರೋದು ಬರೀ ಊಟದ ಡಬ್ಬಿನಾ? ಇನ್ನೊಂದು ಸಲ ಏನಾದ್ರೂ ಎಡವಟ್ಟಾದ್ರೆ ಡಬ್ಬಿನೂ ಮನೇಲೇ ಇಟ್ಕೊಳ್ಳಿ."

ಅವತ್ತು ಬೆಳಿಗ್ಗೆ ನೃತ್ಯಶಾಲೆಯ ಟೀಚರೊಬ್ಬರು ಬಂದು, "ನಮ್ಮ ಪುಟ್ಟ ಮಕ್ಕಳ ಕಾಲಿಗೆ ಈ ಹಾಡು ಸಿಗ್ತಾ ಇಲ್ಲ, ಒಂಚೂರು ನಿಧಾನ ಮಾಡ್ಕೊಡಿ" ಅಂದರು. ಯಂತ್ರದಲ್ಲಿ ಅದಕ್ಕೊಂದು ಸ್ಪೀಡ್ ನಾಬು. ಅದರ ಬಿಳಿ ಗೀಟು ನೇರ ಮೇಲಕ್ಕಿದ್ದರೆ ಹಾಡು ಇದ್ದ ಹಾಗೆ ಓಡುತ್ತದೆ, ಎಡಕ್ಕೆ ವಾಲಿಸಿದರೆ ನಿಧಾನ. ಟೇಪಕ್ಕ ಎಡಕ್ಕೆ ವಾಲಿಸಿ ಟೀಚರಿಗೆ ಪ್ರತಿ ಮಾಡಿಕೊಟ್ಟಳು. ಆಮೇಲೆ ತಂಡದ ಟೇಪು ಏರಿಸಿದಳು. ನಾಬನ್ನು ನೋಡಲಿಲ್ಲ.

ಪ್ರತಿ ಇಳಿಸುವಾಗ ಕೂತು ಪೂರ್ತಿ ಕೇಳಬೇಕು, ಕಿವಿ ಕುರ್ಚಿ ಬಿಟ್ಟು ಏಳಬಾರದು ಅನ್ನುವುದು ಆ ಕೆಲಸದ ಮೊದಲ ಪಾಠ. ಕೂತಿದ್ದರೆ ಅರ್ಧ ಹಾಡಿಗೇ ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲು ಕಟ್ಟಿ, ಬಟ್ಟೆ ಒದ್ದೆಯಾಗಿ, ಕೈ ಎತ್ತಿದರೆ ಪ್ರಾಣ ಹೋಗುವಷ್ಟು ನೋವು. ಟೇಪು ಓಡಲು ಬಿಟ್ಟು, ಹಳೇ ವೈರುಗಳನ್ನು ತುಂಬಿಟ್ಟ ಸ್ಟೋರಿಗೆ ಹೋಗಿ ಚಿಲಕ ಹಾಕಿಕೊಂಡಳು. ಸ್ಟೀಲ್ ಲೋಟಕ್ಕೆ ಹಾಲು ಹಿಂಡಿ, ಚೆಲ್ಲಿ, ಮುಖ ತೊಳೆದು ಬರುವಷ್ಟರಲ್ಲಿ ಟೇಪು ಮುಗಿದು ಚಕ್ರ ಸುಮ್ಮನೆ ಸುತ್ತುತ್ತಿತ್ತು. ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಕಳಿಸುವ ಕಪಾಟಿನಲ್ಲಿಟ್ಟು ಮನೆಗೆ ಓಡಿದಳು.

ಇಲ್ಲಿಯವರೆಗಿನದು ಯಾರಿಗಾದರೂ ಆಗುವಂಥದ್ದು. ಟೇಪಕ್ಕ ತನ್ನನ್ನು ತಾನು ಕ್ಷಮಿಸದೆ ಹೋದದ್ದು ಮಾರನೇ ಬೆಳಗಿಗೆ.

ಕುರ್ಚಿಯಲ್ಲಿ ಕೂತ ಕೂಡಲೇ ಕಂಡಿತು. ಬಿಳಿ ಗೀಟು ಎಡಕ್ಕೆ ವಾಲಿಕೊಂಡಿದೆ. ಕಿವಿ ಎರಡೂ ಕಾದ ಹೆಂಚಾದವು. ಪಾರ್ಸೆಲ್ ಹೋಗಿಯಾಗಿತ್ತು, ಕಾರ್ಖಾನೆಯವರು ಕೆಲಸ ಶುರು ಮಾಡಲು ಇನ್ನೂ ಮೂರು ದಿನವಿತ್ತು. ಒಂದು ಫೋನು ಸಾಕು. ಫೋನಿದ್ದದ್ದು ಮಾಲೀಕರ ಮೇಜಿನ ಮೇಲೆ, ಮಾಲೀಕರು ಅದರ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಟೇಪಕ್ಕ ಎದ್ದಳು, ಅವರ ಮೇಜಿನವರೆಗೂ ಹೋದಳು. "ಏನು?" ಅಂದರು. "ಸ್ಟೋರಿನ ಬೀಗದ ಕೈ" ಅಂದಳು. ವಾಪಸ್ ಬಂದು ಎರಡು ಬೆರಳಲ್ಲಿ ನಾಬನ್ನು ನೆಟ್ಟಗೆ ಮಾಡಿದಳು. ಕೂದಲೆಳೆ ವ್ಯತ್ಯಾಸ, ಯಾರಿಗೂ ಗೊತ್ತಾಗಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

ಕ್ಯಾಸೆಟ್ಟು ಅಂಗಡಿಗೆ ಬಂದ ಹದಿನೈದು ದಿನಕ್ಕೆ ಇಡೀ ತಂಡ ಸ್ಟುಡಿಯೋದಲ್ಲಿ ಸೇರಿತು. ಗಿಟಾರಿನವನೇ ತಂಡದ ಮುಖ್ಯಸ್ಥ. ಕ್ಯಾಸೆಟ್ಟನ್ನು ಡ್ರಮ್ಮಿನವನ ಎದುರು ಮೇಜಿನ ಮೇಲೆ ಒಗೆದು, "ಸತ್ತ ಹಾಗಿದೆ. ಎಲ್ಲ ಎಳೀತಾ ಇದೆ. ನೀನು ಎಳೆದ್ರೆ ಎಲ್ಲರೂ ಎಳೆಯೋದೇ ತಾನೆ?" ಅಂದ.

"ನಾನು ಹೀಗೆ ನುಡಿಸಿಲ್ಲಪ್ಪ" ಅಂದ ಡ್ರಮ್ಮಿನವನು.

"ಕ್ಯಾಸೆಟ್ಟು ಸುಳ್ಳು ಹೇಳತ್ತಾ?"

ಅವನು ಟೇಪಕ್ಕನ ಕಡೆ ತಿರುಗಿದ. "ಅಕ್ಕ, ಟೇಪಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ? ನೋಡಿ ಹೇಳಿ."

ಅವಳು ವೈರು ಸುತ್ತುತ್ತಿದ್ದಳು. ತಲೆ ಎತ್ತದೆ, "ಟೇಪು ಸರಿಯಾಗೇ ಇದೆ" ಅಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ತಂಡ ಅವನನ್ನು ಬಿಟ್ಟು ಬೇರೆಯವನನ್ನು ತಂದಿತು, ಬೇರೆ ದೊಡ್ಡ ಸ್ಟುಡಿಯೋಗೆ ಹೋಯಿತು, ಐದನೇ ಕ್ಯಾಸೆಟ್ಟು ಮಾಡಿತು. ಅದು ನಿಜಕ್ಕೂ ಚೆನ್ನಾಗಿತ್ತು. ಟೇಪಕ್ಕನೂ ಕೊಂಡು ತಂದಳು. ಒಂದು ಮಗ್ಗಲು ಕೇಳಿ ಎತ್ತಿಟ್ಟಳು.

ಮೊನ್ನೆ ಮೊನ್ನೆ ಒಂದು ಕಂಪನಿಯವರು ಫೋನು ಮಾಡಿದರು. ತಂಡದ ಐದನ್ನೂ ಹೊಸದಾಗಿ ತರುತ್ತಾರಂತೆ, ಮೊದಲ ನಾಲ್ಕರ ಮೂಲ ಟೇಪು ಇದ್ದರೆ ಕಂಪ್ಯೂಟರಿಗೆ ಇಳಿಸಿ ಕೊಡಿ ಅಂದರು. ನಾಲ್ಕನೆಯದು ಸ್ಟುಡಿಯೋದ ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಹಾಗೇ ಇತ್ತು. ಟೇಪಕ್ಕ ನಾಬನ್ನು ಮೂರು ಸಲ ನೋಡಿ ಹಚ್ಚಿದಳು. ಮೊದಲ ಹಾಡೇ ಎದ್ದು ಕೂತಿತು. ಐದನೆಯದರಲ್ಲಿ ಜನ ಮೆಚ್ಚಿದ ಚುರುಕು, ಅದರ ಅಪ್ಪನಂಥ ಚುರುಕು, ಇಲ್ಲೇ ಇತ್ತು. ಎಲ್ಲ ಅವನ ಕೈಯಲ್ಲಿತ್ತು. ಅವಳು ಪೂರ್ತಿ ಕೇಳಿದಳು, ಕುರ್ಚಿ ಬಿಟ್ಟು ಏಳಲಿಲ್ಲ.

ಸಂಜೆ ಮಗಳ ಮನೆಗೆ ಹೋದಳು. ಮಗಳು ತನ್ನ ನಾಲ್ಕು ತಿಂಗಳ ಕೂಸಿನ ಕತ್ತಿನ ಮಡಿಕೆ ಒರೆಸುತ್ತಿದ್ದಳು. ಟೇಪಕ್ಕ ಅರ್ಧ ಕತೆ ಹೇಳಿದಳು, ಯಂತ್ರದ ದೋಷ ಅನ್ನುವ ಹಾಗೆ.

"ಸರಿ ಮಾಡಿ ಕಳ್ಸಿದ್ರಾಯ್ತಲ್ಲಮ್ಮ. ಹೊಸದಾಗಿ ತೊಳೆದು ಬೆಳಗಿದ್ದಾರೆ ಅಂತ ಹೊಗಳ್ತಾರೆ. ಯಾರಿಗೆ ಗೊತ್ತಾಗತ್ತೆ?"

"ಡ್ರಮ್ಮಿನವನಿಗೆ ಗೊತ್ತಾಗಬೇಕಲ್ಲೇ."

"ಹಾಗಾದ್ರೆ ಹೋಗಿ ಹೇಳು. ಯಂತ್ರ ತಾನೇ ಕೆಟ್ಟಿದ್ದು, ನೀನ್ಯಾಕೆ ಹೆದರ್ತೀಯ?"

ಟೇಪಕ್ಕ ಕೂಸಿನ ಟೋಪಿ ಹುಡುಕುವ ನೆಪದಲ್ಲಿ ಒಳಗೆ ಹೋದಳು.

ಡ್ರಮ್ಮಿನವನು ಈಗ ಹೊಲಿಗೆ ಯಂತ್ರ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಅವಳು ಮಾತು ಜೋಡಿಸಿಕೊಂಡಳು: ಮೊನ್ನೆ ಟೇಪು ಹಚ್ಚಿದಾಗ ಗೊತ್ತಾಯ್ತಪ್ಪ. ಬಾಯಿಪಾಠ ಆಗುವವರೆಗೂ ಹೇಳಿಕೊಂಡಳು.

"ಓಹೋ, ಟೇಪಕ್ಕ! ಯಂತ್ರ ಕೆಟ್ಟಿದ್ಯಾ, ಮನುಷ್ಯರು ಕೆಟ್ಟಿದ್ದಾರಾ? ಮನುಷ್ಯರ ಬಿಡಿಭಾಗ ನಮ್ಮಲ್ಲಿ ಸಿಗಲ್ಲ" ಅಂತ ಸ್ಟೂಲು ಒರೆಸಿ ಕೊಟ್ಟ. ತಲೆ ಪೂರ್ತಿ ನರೆತಿತ್ತು, ಬಾಯಿ ಹಾಗೇ ಇತ್ತು. ಅವಳು ಹೊಸದಾಗಿ ಇಳಿಸಿದ ಹಾಡುಗಳಿದ್ದ ಪುಟ್ಟ ಪ್ಲೇಯರ್ ತೆಗೆದು, ಇಯರ್ ಫೋನ್ ಅವನ ಕೈಗಿಟ್ಟಳು.

ಎರಡು ಹಾಡು ಕೇಳಿದ. ಮೂರನೆಯದರ ಮಧ್ಯಕ್ಕೆ ಕಿವಿಯಿಂದ ಕಿತ್ತ. ಅವಳು ನಾಬಿನ ಕತೆ, ಟೀಚರ ಕತೆ, ಸ್ಟೋರಿನಲ್ಲಿ ಹಾಲು ಹಿಂಡಿದ ಕತೆ, ಎಲ್ಲ ಹೇಳಿದಳು. ಅವನು ಎಣ್ಣೆಗೈಯನ್ನು ಒರೆಸುತ್ತಲೇ ಇದ್ದ.

"ಆಮೇಲೆ ಎರಡು ತಂಡದೋರು ಕರೆದ್ರು ಅಕ್ಕ" ಅಂದ. "ನಾನೇ ಹೋಗ್ಲಿಲ್ಲ. ಕೈ ನಿಧಾನ ಆಗಿದೆ, ನಿಮ್ಮ ಹೆಸರೂ ಹಾಳಾಗತ್ತೆ ಅಂತ ನಾನೇ ಹೇಳ್ದೆ. ಕ್ಯಾಸೆಟ್ಟಲ್ಲಿ ನಾನೇ ಕೇಳಿದ್ನಲ್ಲ." ತಲೆ ಎತ್ತಿ ಕೇಳಿದ: "ನಿಮಗೆ ಯಾವಾಗ ಗೊತ್ತಾಯ್ತು?"

ಬಾಯಿಪಾಠದ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ಅದನ್ನಾಡಿದ್ದರೆ ಅವನು ನಂಬುತ್ತಿದ್ದ. ಚಹಾ ಕೂಡ ತರಿಸುತ್ತಿದ್ದ.

"ಮಾರನೇ ದಿನ ಬೆಳಿಗ್ಗೆ" ಅಂದಳು.

ಬೀದಿಯಲ್ಲಿ ಯಾರೋ ಬೈಕು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಅವನು ಕೈ ಒರೆಸುವ ಬಟ್ಟೆಯನ್ನು ಕೆಳಗಿಟ್ಟ.

"ಅವತ್ತು ಎಲ್ಲರ ಎದುರು ಕೇಳ್ದೆ ನಿಮ್ಮನ್ನ."

"ಹೌದು, ನೀನು ಕೇಳ್ದೆ. ಸುಳ್ಳು ಹೇಳ್ದೆ ನಾನು. ಕೆಲಸ ಹೋಗತ್ತೆ, ಮಗು ಚಿಕ್ಕದು ಅಂತ..."

"ಮಗೂನ ಅಡ್ಡ ಇಟ್ಕೋಬೇಡಿ ಅಕ್ಕ. ಅದೇನು ಮಾಡಿತ್ತು ಪಾಪ. ಆಮೇಲೆ ಇಪ್ಪತ್ತಾರು ವರ್ಷ ಆಯ್ತಲ್ಲ, ಅದೂ ಏಳು ತಿಂಗಳಿನದೇ ಉಳೀತಾ?"

ಟೇಪಕ್ಕ ನೆಲ ನೋಡಿದಳು. ನೆಲದ ಮೇಲೆ ಸೂಜಿ, ದಾರ, ಒಂದು ಮುರಿದ ಬಾಬಿನ್.

"ಕಂಪನಿಯವರಿಗೆ ಬರೆದು ಕೊಡ್ತೀನಿ" ಅಂದಳು ಕೊನೆಗೆ. "ಟೇಪು ಓಡಿಸಿದವಳ ತಪ್ಪು, ಗೊತ್ತಿದ್ದೂ ಮುಚ್ಚಿಟ್ಟಳು ಅಂತ. ಹೊಸ ಕವರಿನ ಮೇಲೆ ಹಾಗೇ ಅಚ್ಚು ಹಾಕಿ ಅಂತೀನಿ."

"ನಿಮ್ಮ ಮಗಳು ಓದ್ತಾಳೆ."

"ಅದಕ್ಕೆ ಮೊದಲು ನಾನೇ ಹೇಳ್ತೀನಿ. ಯಂತ್ರದ ಮೇಲೆ ಹಾಕಿ ಬಂದಿದೀನಿ ಅವಳ ಹತ್ರ."

ಅವನು ಬೇಡ ಅನ್ನಲಿಲ್ಲ, ಹೋಗಲಿ ಬಿಡಿ ಅನ್ನಲಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಅವಳು ಆ ಮಾತಿಗೇ ಕಾದಿದ್ದಳು. ಕಾದದ್ದಕ್ಕೂ ನಾಚಿಕೆಯಾಯಿತು.

"ಇದನ್ನ ಬಿಟ್ಟು ಹೋಗಿ" ಅಂತ ಪ್ಲೇಯರನ್ನು ತನ್ನ ಕಡೆ ಎಳೆದುಕೊಂಡ. "ಒಬ್ಬನೇ ಕೇಳ್ಬೇಕು. ನೀವಿದ್ರೆ ಆಗಲ್ಲ."

ಅವಳು ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಅವನು ಒಳಗಿನಿಂದಲೇ ಶಟರ್ ಎಳೆದ. ಹೊಲಿಗೆ ಯಂತ್ರದ ತಲೆ ಎತ್ತಿಕೊಂಡು ಬಂದ ಹೆಂಗಸೊಬ್ಬಳು, "ಇವತ್ತು ಅಂಗಡಿ ಇಲ್ವಾ?" ಅಂದಳು. "ಇವತ್ತಿಲ್ಲ" ಅಂದಳು ಟೇಪಕ್ಕ.

ಅಲ್ಲೇ ಪಕ್ಕದ ಕಟ್ಟೆಯ ಮೇಲೆ ಕೂತು ಗಿಟಾರಿನವನಿಗೆ ಫೋನು ಮಾಡಿದಳು. ಇನ್ನೊಂದು ಗಂಟೆ ಕಳೆದರೆ ಧೈರ್ಯ ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಈ ಸಲ ಹಾಲಿನ ಕತೆ ಹೇಳಲಿಲ್ಲ. ನಾಬು, ಮಾರನೇ ಬೆಳಿಗ್ಗೆ, ಸುಳ್ಳು, ಇಷ್ಟನ್ನೇ ಹೇಳಿದಳು.

"ಅವನು ಈಗ ಎಲ್ಲಿದ್ದಾನೆ ಅಕ್ಕ? ನಂಗೆ ಅದೂ ಗೊತ್ತಿಲ್ಲ" ಅಂದ ಗಿಟಾರಿನವನು.

ಅವಳು ಬೀದಿ, ಅಂಗಡಿ, ಬಸ್ಸಿನ ನಂಬರು ಹೇಳಿದಳು.

"ಈಗಲೇ ಬರ್ತೀನಿ."

"ಬೇಡಪ್ಪ" ಅಂದಳು ಟೇಪಕ್ಕ. "ಈಗ ಒಳಗೆ ಕೇಳ್ತಾ ಇದ್ದಾನೆ. ನಾಳೆ ಬನ್ನಿ."