ಯಲಹಂಕಕ್ಕೆ ಹೋದ ದಪ್ಪು

ಪ್ರವಾಸ ಕಥನ ಬರೆಯುವವರು ಸಾಮಾನ್ಯವಾಗಿ ಕಾಶಿಗೋ ಹಿಮಾಲಯಕ್ಕೋ ಹೋಗಿ ಬಂದಿರುತ್ತಾರೆ. ನಾನು ಹೋದದ್ದು ಮಾಕಳಿಯಿಂದ ಯಲಹಂಕಕ್ಕೆ. ಸ್ವಂತ ಗಾಡಿ ಇದ್ದವರು ಒಂದು ತಾಸಿನಲ್ಲಿ ಹೋಗುತ್ತಾರಂತೆ. ನಮಗೆ ಅರ್ಧ ದಿನ ಹಿಡಿಯಿತು. ಬಂದ ಮೇಲೆ ಸೊಂಟ ನೋವು ಬೇರೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹೋಗುವಾಗ ಇದ್ದಂತೆ ನಾವು ವಾಪಸು ಬರಲಿಲ್ಲ.

ಜೊತೆಗಿದ್ದವರು ಗಂಗಕ್ಕ. ಗದಗದ ಕಡೆಯವರು, ಗೀಗೀ ಪದದ ಹಾಡುಗಾರ್ತಿ. ನಾನು ಅವರ ಹಿಮ್ಮೇಳ. ಅವರು ಒಂದು ಸಾಲು ಹಾಡಿದರೆ ಅದರ ಬಾಲ ಹಿಡಿದು 'ಗೀಯ ಗಾ ಗೀಯ' ಎನ್ನುವುದು ನನ್ನ ಕೆಲಸ. ದಿನವೂ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ, ನಿಜ. ವೇದಿಕೆಯ ಮೇಲೆ ಮಾತ್ರ ಇಷ್ಟು ವರ್ಷಗಳಲ್ಲಿ ಒಂದು ಸಾಲನ್ನೂ ನಾನಾಗಿ ಶುರು ಮಾಡಿದವಳಲ್ಲ.

ನಮ್ಮ ಮೇಳದಲ್ಲಿ ಒಂದು ಕಟ್ಟಳೆ ಇದೆ. ಚರ್ಮದ ದಪ್ಪು ಬಾರಿಸುವವಳು ಮುಂದಾಳು. ಅದನ್ನು ಅವಳೇ ಹೊರಬೇಕು, ನೆಲಕ್ಕೆ ತಾಗಿಸಬಾರದು. ಒಂಟಿ ತಂತಿಯ ತುಂತುಣಿ ಹಿಮ್ಮೇಳದವರ ಪಾಲಿಗೆ. ಇನ್ನೊಂದು: ಪದದಲ್ಲಿ ಎತ್ತಿದ ಸವಾಲಿಗೆ ಪದದಲ್ಲೇ ಜವಾಬು ಕೊಡಬೇಕು. ಕೊಡಲಾಗದವಳು ದಪ್ಪು ಕೆಳಗಿಟ್ಟು ಎದ್ದು ಹೋಗಬೇಕು.

ಗಂಗಕ್ಕನ ಗಂಟಲಲ್ಲಿ ಗಂಟಾಗಿದೆ. ಹಾಡುವುದಿರಲಿ, ಒಂದು ತಿಂಗಳು ಮಾತೂ ಆಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಯಲಹಂಕದ ಒಂದು ಅಪಾರ್ಟ್‌ಮೆಂಟಿನವರು ರಾಜ್ಯೋತ್ಸವಕ್ಕೆ ಕರೆದರು. ಹೊರಡುವ ದಿನವೂ ಬೇಡವೆಂದು ನಾನು ಗಂಗಕ್ಕನಿಗೆ ಕೈಮುಗಿದೆ.

"ಒಪ್ಕೊಂಡೇನಿ, ಹೋಗೂದ. ಇವತ್ತ ದನಿ ಕೈ ಕೊಡ್ತಂದ್ರ ಬಂದ ದಪ್ಪು ಗೂಟಕ್ಕ ಹಾಕಿಬಿಡ್ತೀನಿ. ಮುಗೀತು" ಎಂದರು.

ಮುಗಿಯುವುದು ಅವರೊಬ್ಬರದಲ್ಲ, ಮೇಳವೇ. ಅವರ ಮಗಳಿಗೆ ಇದರ ಗೊಡವೆ ಬೇಡ. ಬೇರೆ ಯಾರಿದ್ದಾರೆ? ಮಾತಾಡಿದರೆ ಅವರೂ ಮಾತಾಡುತ್ತಾರೆಂದು ಬಾಯಿ ಮುಚ್ಚಿಕೊಂಡು ಹೊರಟೆ.

ಮಾಕಳಿಯಲ್ಲಿ ಹತ್ತಿದ ಬಸ್ಸಿನಲ್ಲಿ ಹೆಂಗಸರಾದ ನಮಗೆ ಸೊನ್ನೆ ಟಿಕೆಟ್ಟು. ಪುಕ್ಕಟೆ ಸಿಕ್ಕಿದ್ದು ಪ್ರಯಾಣ, ಸೀಟಲ್ಲ. ಯಾರೋ ಕಾಲೇಜು ಹುಡುಗಿ ಎದ್ದು ಗಂಗಕ್ಕನಿಗೆ ಜಾಗ ಕೊಟ್ಟಳು. ಪಕ್ಕದಲ್ಲಿ ಹೂಕೋಸಿನ ಚೀಲದವರೊಬ್ಬರು, "ಅಮ್ಮಾ, ಆ ಡೋಲು ಕೆಳಗಿಡಿ, ಚೂರು ಜಾಗ ಆಗುತ್ತೆ" ಎಂದರು. ಗಂಗಕ್ಕ ತಲೆ ಅಲ್ಲಾಡಿಸಿದರು.

"ಅದು ಕೆಳಗಿಡೋ ಸಾಮಾನಲ್ರೀ" ಎಂದೆ ನಾನು.

"ಹಂಗಾದ್ರೆ ಒಂದು ಟಿಕೆಟ್ ತಗೊಳ್ಳಿ ಅದಕ್ಕೂ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಗೊರಗುಂಟೆಪಾಳ್ಯದಲ್ಲಿ ಇಳಿದೆವು. ಜಿಟಿಜಿಟಿ ಮಳೆ, ಮೇಲ್ಸೇತುವೆಯ ಕೆಳಗೆ ಲಾರಿಗಳ ಹೊಗೆ. ಯಲಹಂಕದ ನೇರ ಬಸ್ಸು ಬರುತ್ತದೆಂದು ಕಾದು ಕಾದು ಸಾಕಾಯಿತು. ನಿಂತಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗಂಗಕ್ಕ ಒಂದು ತುತ್ತು ನುಂಗಲು ಮುಖ ಕಿವುಚುತ್ತಿದ್ದರು. ಯಶವಂತಪುರದ ಕಡೆಗೆ ಬೆರಳು ತೋರಿಸಿ ಸುಮ್ಮನೆ ನಕ್ಕರು. ಆ ನಗುವಿನ ಅರ್ಥ ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಗದಗದ ರೈಲಿಂದ ಅಲ್ಲಿ ಇಳಿದಿದ್ದರು. ಗಂಡನಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ತಂದ ಗಂಟಿನಲ್ಲಿ ಸೀರೆಗಿಂತ ದೊಡ್ಡದಾಗಿ ದಪ್ಪು ಇದ್ದದ್ದು ನೋಡಿ ಅವರು ಹೌಹಾರಿದರಂತೆ. ಆಮೇಲೆ ಅವರೇ ತುಂತುಣಿ ಕಲಿತರು. ಗಂಗಕ್ಕನ ತವರೂರಿನಲ್ಲಿ ಗಂಡಸರ ಮೇಳ, ಹೆಂಗಸರ ಮೇಳ ಎದುರುಬದುರು ಕುಳಿತು ಬೆಳಗಿನವರೆಗೆ ವಾದ ಹಾಡುತ್ತಿದ್ದವು. ತಾಯಿಯ ಹಿಂದೆ ಕುಳಿತು ಕಲಿತ ಗಂಗಕ್ಕ ಕ್ವಾರ್ಟರ್ಸಿನ ಗಣಪತಿಯ ಮುಂದೆ ಹಾಡಿದರು, ರೇಡಿಯೋದಲ್ಲಿ ಹಾಡಿದರು, ಒಂದು ಕ್ಯಾಸೆಟ್ಟನ್ನೂ ಮಾಡಿದರು. ಅದರ ಮೇಲೆ ಅಚ್ಚಾದದ್ದು ಯಾವಳೋ ಚೆಂದದ ಹುಡುಗಿಯ ಚಿತ್ರ. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ. ಗಂಡ ತೀರಿಕೊಂಡ ಮೇಲೆ ತುಂತುಣಿ ನನಗೆ ಬಂತು. ಎದುರು ಮೇಳ ಕರೆಸುವವರು ಇಲ್ಲಿ ಯಾರೂ ಇಲ್ಲ. ಆದ್ದರಿಂದ ಗಂಡಸರ ಸವಾಲನ್ನೂ ಗಂಗಕ್ಕನೇ ಹಾಡಬೇಕು, ಹೆಂಗಸರ ಜವಾಬನ್ನೂ ಅವರೇ ಹಾಡಬೇಕು. ಎರಡಾಳಿನ ದುಡಿಮೆ ಒಂದೇ ಗಂಟಲಿಗೆ.

ಕೊನೆಗೆ ಹೆಬ್ಬಾಳದ ಬಸ್ಸು ಹತ್ತಿದೆವು. ಹತ್ತು ಕಿಲೋಮೀಟರ್ ಇದ್ದೀತು, ಹೆಬ್ಬಾಳದ ಕೆರೆ ಕಣ್ಣಿಗೆ ಬೀಳುವಷ್ಟರಲ್ಲಿ ನನಗೆ ಎರಡು ನಿದ್ದೆ ಆಗಿತ್ತು. ಅಲ್ಲಿ ಇನ್ನೊಂದು ಬಸ್ಸು. ಯಲಹಂಕದಲ್ಲಿ ಇಳಿದರೆ ಆಟೋದವನು ನೂರಕ್ಕೆ ಕಡಿಮೆ ಬರುವುದಿಲ್ಲವೆಂದ. ಜಗಳವಾಡಲು ತ್ರಾಣವಿರಲಿಲ್ಲ.

ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಕೆಂಪು ಹಳದಿ ಬಾವುಟ, ಮಕ್ಕಳ ಡ್ಯಾನ್ಸು. ಅದು ಮುಗಿಯಿತೆಂದರೆ ಇನ್ನೊಂದು. ತಂಪಿಗೆ ದಪ್ಪಿನ ಚರ್ಮ ಸಡಿಲಾಗಿತ್ತು. ಕಾಯಿಸಲು ಬೆಂಕಿ ಎಲ್ಲಿ ತರುವುದು? ಗಂಗಕ್ಕ ವೇದಿಕೆಯ ದೊಡ್ಡ ದೀಪದ ಮುಂದೆ ಅದನ್ನು ಹಿಡಿದು ನಿಂತರು. ಕಾರ್ಯದರ್ಶಿ ಓಡಿ ಬಂದರು.

"ಮೇಡಂ, ಸಾರಿ, ಟೈಮ್ ಇಲ್ಲ. ಟೆನ್ ಮಿನಿಟ್ಸಲ್ಲಿ ಮುಗಿಸ್ಬಿಡ್ತೀರಾ? ಒಂದೇ ಸಾಂಗ್ ಸಾಕು."

ಗಂಗಕ್ಕ ಹೂಂಗುಟ್ಟಿದರು. ನನಗೆ ಒಳಗೊಳಗೇ ಖುಷಿಯಾಯಿತು. ಒಂದೇ ಆದರೆ ಗಂಟಲು ತಡೆದುಕೊಂಡೀತು ಎಂದುಕೊಂಡೆ.

ಅವರು ಎತ್ತಿಕೊಂಡದ್ದು ರೊಟ್ಟಿ ಮತ್ತು ಅದನ್ನು ಸುಡುವ ಹಂಚಿನ ವಾದದ ಪದ. ಗಂಡಸರ ಪಾಳಿಯಲ್ಲಿ ದನಿ ಕರಕರ ಎನ್ನುತ್ತಿದ್ದರೂ ನಿಂತಿತು. "ಹಸಿದವರ ಹೊಟ್ಟಿ ತುಂಬೂದು ರೊಟ್ಟಿ, ಹಂಚಿನ ಹೆಚ್ಚುಗಾರಿಕಿ ಏನ ಹೇಳs" ಎಂದು ಸವಾಲು ಹಾಕಿದರು. ನಾನು "ಏನ ಹೇಳs, ಗೀಯ ಗಾ ಗೀಯ" ಎಂದೆ. ಜವಾಬಿಗೆ ಅವರು ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ.

ಬುದ್ಧಿ ಇದ್ದವಳಾಗಿದ್ದರೆ ಆಗಲೇ ಏನಾದರೂ ಮಾಡುತ್ತಿದ್ದೆ. ಹಿಮ್ಮೇಳದ ಚಾಳಿ ಬಿಡಬೇಕಲ್ಲ! ಅದೇ ಬಾಲ ಹಿಡಿದು "ಏನ ಹೇಳs" ಎಂದೆ. ಮತ್ತೊಮ್ಮೆ ಎಂದೆ. ಇನ್ನೊಮ್ಮೆಯೂ ಎಂದೆ. ಜನ ಇದೂ ಪದದ ಭಾಗವೆಂದು ಚಪ್ಪಾಳೆ ಹೊಡೆದರು. ನಮ್ಮ ಸವಾಲನ್ನು ನಾನೇ ಮತ್ತೆ ಮತ್ತೆ ಗಂಗಕ್ಕನ ಮುಖಕ್ಕೆ ಎಸೆಯುತ್ತಿದ್ದೆ. ಅವರ ಕೈ ದಪ್ಪು ಬಾರಿಸುತ್ತಲೇ ಇತ್ತು, ಕಣ್ಣು ನೆಲ ನೋಡುತ್ತಿತ್ತು. ಕೆಳಗಿಡಲು ಜಾಗ ಹುಡುಕುತ್ತಿದ್ದಾರೆಂದು ಅನ್ನಿಸಿ ನನಗೆ ಜೀವ ಹಾರಿಹೋಯಿತು.

ಶುರು ಮಾಡಿಬಿಟ್ಟೆ. ಎತ್ತರದಲ್ಲಲ್ಲ, ಅಂಗನವಾಡಿಯ ದನಿಯಲ್ಲಿ.

"ಉಂಡ ರೊಟ್ಟಿ ಸಂಜೀಗಿ ಮರತೀರಿ, ಸುಟ್ಟ ಹಂಚು ನಾಳೀಗೂ ಒಲಿಮ್ಯಾಲೆ."

ಸಾಲು ಮುಗಿಯಿತು. ಬಾಲ ಹಿಡಿಯುವವರಿಲ್ಲ. ಆ ಖಾಲಿ ಜಾಗ ಎಷ್ಟು ದೊಡ್ಡದೆಂದು ನನಗೆ ಅವತ್ತೇ ಗೊತ್ತಾದದ್ದು. ಆಮೇಲೆ ಪಕ್ಕದಿಂದ, ಹರಿದ ಬಟ್ಟೆಯಂಥ ದನಿಯಲ್ಲಿ, "ಒಲಿಮ್ಯಾಲೆ, ಗೀಯ ಗಾ ಗೀಯ" ಕೇಳಿಸಿತು. ಗಂಗಕ್ಕ ನನಗೆ ಹಿಮ್ಮೇಳ ಹಾಡುತ್ತಿದ್ದರು. ನನಗೆ ಹೆಮ್ಮೆಯಾಗಲಿಲ್ಲ, ಅಳು ಬಂತು. ಅಳುತ್ತಲೇ ಪದ ಮುಗಿಸಿದೆ.

ಶಾಲು ಹೊದಿಸಿದರು, ಬಿಸಿಬೇಳೆ ಬಾತ್ ಕೊಟ್ಟರು. ಗಂಗಕ್ಕ ಮುಟ್ಟಲಿಲ್ಲ. ವಾಪಸು ಹೊರಟೆವು. ಹೆಬ್ಬಾಳ ದಾಟಿದ ಮೇಲೆ ಅವರಿಗೆ ನಿದ್ದೆ ಹತ್ತಿ ದಪ್ಪು ತೊಡೆಯಿಂದ ಜಾರಿತು. ನೆಲಕ್ಕೆ ಬೀಳುವ ಮೊದಲು ಹಿಡಿದು ನನ್ನ ತೊಡೆಯ ಮೇಲಿಟ್ಟುಕೊಂಡೆ. ಗೊರಗುಂಟೆಪಾಳ್ಯದಲ್ಲಿ ಬಸ್ಸು ಬದಲಿಸುವಾಗ ಗಡಿಬಿಡಿಯಲ್ಲಿ ಅದು ನನ್ನ ಹತ್ತಿರವೇ ಉಳಿಯಿತು.

ಮಾಕಳಿ ಬಂತು. ಗಂಗಕ್ಕ ಎದ್ದರು. ನನ್ನ ತುಂತುಣಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಇಳಿದೇಬಿಟ್ಟರು.

"ಅಕ್ಕಾ, ದಪ್ಪು!" ಎಂದು ಕೂಗಿದೆ.

ಅವರು ರಸ್ತೆಯ ಬದಿಯಲ್ಲಿ ನಿಂತು ತಿರುಗಿ ನೋಡಿದರು. ಗಂಟಲು ಹಿಡಿದುಕೊಂಡು ಹೇಳಿದರು:

"ಗೂಟಕ್ಕ ಹಾಕಬ್ಯಾಡ ಶಾಂತಾ. ಚರ್ಮ ತಂಪು ಹಿಡದೈತಿ, ನಾಳೆ ಬಿಸಲಿಗಿಡು."

ಮುಂದೆ ನಡೆದರು. ಕಂಡಕ್ಟರು, "ಬೇಗ ಇಳೀರಮ್ಮಾ, ಆ ಡೋಲು ಕೆಳಗಿಟ್ಟು ಕಂಬಿ ಹಿಡ್ಕೊಳ್ಳಿ" ಎಂದ. ನನಗೆ ಎರಡೂ ಕೈ ತುಂಬಿತ್ತು. ಕೆಳಗಿಡುವಂತಿರಲಿಲ್ಲ.