ಒದ್ದೆ ಹಲ್ಲಿನ ಬೆಳ್ಳಿ

ಹಲ್ಲಿನ ಕುಳಿ ತುಂಬುವವರು ನಮ್ಮ ವೃತ್ತಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತುಂಬಿದ ಹಲ್ಲಿನ ಯೋಗಕ್ಷೇಮವನ್ನು ಇಪ್ಪತ್ತು ವರ್ಷ ಬಿಡದೆ ವಿಚಾರಿಸುವವರು ಅಪರೂಪ. ಮೂವತ್ನಾಲ್ಕು ವರ್ಷ ದಂತ ಕಾಲೇಜಿನಲ್ಲಿ ಪಾಠ ಹೇಳಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅಂಥವರು. ವಿದ್ಯಾರ್ಥಿಗಳಾಗಿದ್ದಾಗ ನಾವು ಬೆನ್ನ ಹಿಂದೆ ಅವರನ್ನು 'ಅಂಚು ಮೇಡಂ' ಎನ್ನುತ್ತಿದ್ದೆವು. ಫಿಲ್ಲಿಂಗ್ ಅಗಿದಗಿದು ಸವೆಯುತ್ತದೆ, ಅಂಚು ಬಿಡುತ್ತದೆ, ಆ ಸಂದಿಯಲ್ಲಿ ಎಂಜಲು ಇಳಿದು ಅಡಿಯಲ್ಲೇ ಹೊಸ ಹುಳುಕು ಹತ್ತುತ್ತದೆ, ಆದ್ದರಿಂದ ಮೊದಲು ಅಂಚು ನೋಡಿ ಎಂಬುದೇ ಅವರ ಮೊದಲ ಪಾಠ, ಕೊನೆಯ ಪಾಠವೂ ಅದೇ.

ತುಂಬಿದ ಪ್ರತಿ ಹಲ್ಲಿಗೂ ಅವರ ಬೀರುವಿನಲ್ಲಿ ಒಂದು ಕಾರ್ಡ್ ಇರುತ್ತಿತ್ತು. ವರ್ಷ ತುಂಬಿದೊಡನೆ ಹಲ್ಲಿನ ಒಡೆಯರಿಗೆ ಕಾಗದ ಹೋಗುತ್ತಿತ್ತು. ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದ ದರ್ಜಿಯೊಬ್ಬರು ಮುಂದಿನ ಹಲ್ಲಿನ ಫಿಲ್ಲಿಂಗನ್ನು ಮೂರು ಸಲ ಬೀಳಿಸಿಕೊಂಡಾಗ, ನಾಲ್ಕನೆಯ ಸಲ ಮೇಡಂ ಬೈಯದೆ ಒಂದು ಪುಟ್ಟ ಕತ್ತರಿ ಕೊಟ್ಟು ಕಳಿಸಿದರು. ಒಂದು ಕಟ್ಟುನಿಟ್ಟಿನ ನಿಯಮವನ್ನೂ ಅವರು ಇಟ್ಟಿದ್ದರು: ತಾನು ತುಂಬಿದ್ದನ್ನು ತಾನೇ ಬಿಚ್ಚಬಾರದು, ತನ್ನ ಕೆಲಸದ ತಪ್ಪು ತನಗೆ ಕಾಣುವುದಿಲ್ಲ.

ನನ್ನ ಕಥೆಗೆ ಬರುತ್ತೇನೆ. ಎರಡನೆಯ ವರ್ಷ ನಪಾಸಾಗಿ, ಓದು ಬಿಟ್ಟು ಊರಿಗೆ ಹೊರಟು, ಪೆಟ್ಟಿಗೆ ಕಟ್ಟಿಕೊಂಡೇ ಅವರಿಗೆ ಹೇಳಿ ಹೋಗಲು ಬಂದಿದ್ದೆ. ಅವರು ನನ್ನ ಊದಿದ ಕಣ್ಣಿನ ಬಗ್ಗೆ ಕೇಳಲಿಲ್ಲ, ಕೆನ್ನೆ ಹಿಡಿದುಕೊಂಡದ್ದೇಕೆಂದು ಕೇಳಿದರು. "ಹೋಗೋದಾದ್ರೆ ಹೋಗು. ಆ ಹಲ್ಲು ಸರಿ ಮಾಡಿಸ್ಕೊಂಡು ಹೋಗು" ಎಂದು ಕುರ್ಚಿಯಲ್ಲಿ ಕೂರಿಸಿದರು. ನಾನು ಅಳುತ್ತಲೇ ಇದ್ದೆ, ಬಾಯಿ ತುಂಬ ಎಂಜಲು. ಅವರು ಕುಳಿಗೆ ಬೆಳ್ಳಿಯ ಫಿಲ್ಲಿಂಗ್ ತುಂಬಿ ಮುಗಿಸಿ, "ನಾಳೆ ಪಾಲಿಶ್ ಮಾಡ್ಬೇಕು, ಬೆಳಿಗ್ಗೆ ಬಾ" ಎಂದರು. ಪಾಲಿಶ್‌ಗೆಂದು ಉಳಿದವಳು ಉಳಿದೇಬಿಟ್ಟೆ, ಇಂದು ಅದೇ ವಿಭಾಗದಲ್ಲಿ ಪಾಠ ಹೇಳುತ್ತಿದ್ದೇನೆ.

ಎಲ್ಲರಿಗೂ ವರ್ಷಕ್ಕೊಮ್ಮೆ ತಪಾಸಣೆಯಾದರೆ ನನಗೆ ಮಾತ್ರ ಆರು ತಿಂಗಳಿಗೊಮ್ಮೆ. ನಾನು ಸರಿಯಾಗಿ ಹಲ್ಲುಜ್ಜುವುದಿಲ್ಲವೆಂಬ ಗುಮಾನಿ ಇರಬೇಕೆಂದು ಮುನಿಸಿಕೊಂಡದ್ದೂ ಉಂಟು. ಕಳೆದ ವರ್ಷ ತಣ್ಣೀರು ಕುಡಿದರೆ ಜುಮ್ಮೆನ್ನತೊಡಗಿತು. ರೋಗಿಗಳಿಗೆ ಗದರುವ ನಾನೇ ಎರಡು ತಪಾಸಣೆ ತಪ್ಪಿಸಿಕೊಂಡೆ. ಮೇಡಂ ಹೊರಡುವ ವರ್ಷವೇ ಅವರ ಕೈಕೆಲಸವೂ ಬಾಯಿಂದ ಹೋಗುವುದು ನನಗೆ ಬೇಕಿರಲಿಲ್ಲ.

ಕಳೆದ ತಿಂಗಳು ಮೇಡಂ ಕೈಗೆ ಸಿಕ್ಕಿಬಿದ್ದೆ. ಎಕ್ಸ್‌ರೇಯಲ್ಲಿ ಬೆಳ್ಳಿಯಡಿ ಕಪ್ಪು ನೆರಳಿತ್ತು. "ನೀವೇ ತೆಗೀರಿ ಮೇಡಂ" ಎಂದು ಗೋಗರೆದೆ. "ನಿಯಮ ನಿಯಮಾನೇ. ಜೂನಿಯರ್ ತೆಗೀಲಿ, ನಾನು ಕನ್ನಡಿ ಹಿಡೀತೀನಿ" ಎನ್ನುತ್ತ ಇಪ್ಪತ್ತೆರಡು ವರ್ಷದ ಹಿಂದಿನ ಕಾರ್ಡನ್ನು ನನ್ನ ಕೈಗಿಟ್ಟರು. ಅಡಿಯಲ್ಲಿ ಅವರ ಅಕ್ಷರ: 'ಒದ್ದೆಯಲ್ಲೇ ತುಂಬಿದೆ. ಹುಡುಗಿ ಅಳುತ್ತಿದ್ದಳು. ತಪ್ಪು ನನ್ನದು. ಆರು ತಿಂಗಳಿಗೊಮ್ಮೆ ನೋಡಬೇಕು.'

"ಒದ್ದೆ ಹಲ್ಲಲ್ಲಿ ಫಿಲ್ಲಿಂಗ್ ಬಾಳಲ್ಲ ಅಂತ ಗೊತ್ತಿದ್ದೂ ತುಂಬಿದ್ರಾ?"

"ಒಣಗ್ಲಿ ಅಂತ ಕಾದಿದ್ರೆ ನೀನು ಎದ್ದು ಹೋಗ್ತಿದ್ದೆ ಕಣೆ."

ಹಳೆಯ ಬೆಳ್ಳಿ ಎರಡು ಚೂರಾಗಿ ಹೊರಬಂತು. ಹೊಸದನ್ನು ಚೆನ್ನಾಗಿ ಒಣಗಿಸಿಯೇ ತುಂಬಲಾಗಿದೆ. ಹೊಸ ಕಾರ್ಡಿನಲ್ಲಿ ಮುಂದಿನ ತಪಾಸಣೆಯ ಜಾಗದಲ್ಲಿ ಮೇಡಂ ತಾವೇ ಬರೆದರು: 'ಆರು ತಿಂಗಳು. ನನ್ನ ಮನೆ.'

ಆ ಕಾರ್ಡು ತುಂಬಿ ಇನ್ನೊಂದು, ಅದೂ ತುಂಬಿ ಮತ್ತೊಂದು ಆಗುವಷ್ಟು ಆಯುಸ್ಸು ಅವರಿಗಿರಲಿ, ಕನ್ನಡಿ ಹಿಡಿಯುವ ಆ ಕೈ ನಡುಗದಿರಲಿ. ಹೊಸ ಫಿಲ್ಲಿಂಗಿನಲ್ಲಿ ದೋಷವೇನೂ ಇಲ್ಲ. ನನ್ನ ನಾಲಿಗೆ ಮಾತ್ರ ಇನ್ನೂ ಹಳೆಯ ಅಂಚನ್ನೇ ಹುಡುಕುತ್ತಿದೆ.