ಗಾಜಿನ ಮೇಲಿನ ಅಡ್ಡ

ನನ್ನ ಭಾವನ ಕೈ ನೋಡಿದವರು ಅವರ ಕಸುಬು ಏನೆಂದು ಕೇಳಬೇಕಾಗಿರಲಿಲ್ಲ. ಎರಡೂ ಅಂಗೈ ತುಂಬ ಗೀರುಗಳು. ಎಡಗೈ ಕಿರುಬೆರಳಿನ ಮೇಲಿನ ಗೆಣ್ಣೇ ಇಲ್ಲ. ಮೂವತ್ತೊಂದು ವರ್ಷ ಮನೆ ಕಿಟಕಿಗೆ, ಅಂಗಡಿ ಬಾಗಿಲಿಗೆ ಗಾಜು ಕೂರಿಸಿದ ಕೈ ಅದು. ಗಾಜು ಕೊಯ್ದರೆ ತುಟಿ ಬಿಚ್ಚದ ಮನುಷ್ಯ, ಯಾರಾದರೂ ಒಂದು ಮಾತು ಹೆಚ್ಚು ಆಡಿದರೆ ಸಾಕು, ತೋಳು ಮಡಚಿ ನಿಲ್ಲುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ನನ್ನದೂ ಕಡಿಮೆಯೇನಲ್ಲ ಬಿಡಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಕತ್ತಿ ಹಿಡಿದು ಮೀನು ಕೊಯ್ದು ಮಾರುವವಳು ನಾನು. ಮೂವರೂ ಒಂದೇ ಮನೆಯಲ್ಲಿ, ನಮ್ಮಿಬ್ಬರ ನಡುವೆ ತಣ್ಣಗಿದ್ದವಳು ಒಬ್ಬಳೇ, ನನ್ನ ಅಕ್ಕ.

ಭಾವನಿಗೆ ಇದ್ದದ್ದು ಒಂದೇ ಜಂಬ. ತಾವು ಕೂರಿಸಿದ ಜಾಗದಲ್ಲಿ ಗಾಜಿದೆ ಅಂತಲೇ ಗೊತ್ತಾಗಬಾರದು. ಅಷ್ಟು ಚೊಕ್ಕಟವಾಗಿ ಒರೆಸುತ್ತಿದ್ದರು. ಒಮ್ಮೆ ಬಟ್ಟೆ ಅಂಗಡಿಯೊಂದರ ಹೊಸ ಬಾಗಿಲಿಗೆ ಗಿರಾಕಿಯೊಬ್ಬ ನಡೆದುಕೊಂಡೇ ಹೋಗಿ ಗುದ್ದಿ, ಮುಖದ ತುಂಬ ಹೊಲಿಗೆ ಹಾಕಿಸಿಕೊಂಡ. ಆಮೇಲೆ ಅಕ್ಕನೇ ಭಾವನ ಜೊತೆ ಕೆಲಸಕ್ಕೆ ಹೋಗತೊಡಗಿದಳು. ಗಾಜು ಕೂತ ತಕ್ಷಣ ಸುಣ್ಣದ ಡಬ್ಬಿಯಲ್ಲಿ ಬ್ರಶ್ ಅದ್ದಿ, ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯುವುದು ಅವಳ ಕೆಲಸ. ಗಾಜಿನವರ ಬಾಯಲ್ಲಿ ಅದಕ್ಕೆ ‘ಅಡ್ಡ’ ಅಂತ ಹೆಸರು. ‘ಅಡ್ಡ ಹಾಕಿದ್ಯಾ?’ ಅಂತ ಭಾವ ಕೇಳುವುದು, ‘ಹಾಕಿದೆ ರೀ’ ಅಂತ ಅಕ್ಕ ಅನ್ನುವುದು. ಅದಾದ ಮೇಲೆಯೇ ಇಬ್ಬರೂ ಚೀಲ ಎತ್ತುತ್ತಿದ್ದದ್ದು. ಹತ್ತು ವರ್ಷ ಹೀಗೇ ನಡೆಯಿತು.

ಹನ್ನೊಂದನೆಯ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಆಸ್ಪತ್ರೆಯಿಂದ ಬಂದಾಗ ಅವಳ ಬಾಯಲ್ಲಿ ‘ಹೂಂ’, ‘ಬೇಡ’ ಎರಡೇ ಉಳಿದಿದ್ದವು. ‘ಹೂಂ’ ಅಪರೂಪ. ತುತ್ತು ತೋರಿಸಿದರೆ ‘ಬೇಡ’, ಗಂಜಿ ತೋರಿಸಿದರೆ ‘ಬೇಡ’. ಗೋಡೆ ಕಡೆ ಮುಖ ಮಾಡಿ ಮಲಗಿಬಿಡುವಳು. ಹೀಗೇ ಊಟ ಬಿಟ್ಟರೆ ಎರಡು ತಿಂಗಳೂ ಉಳಿಯುವುದಿಲ್ಲ ಎಂದು ಡಾಕ್ಟರು ಭಾವನನ್ನು ಹೊರಗೆ ಕರೆದು ಹೇಳಿದರು.

ಭಾವ ಮನೆಗೆ ಬಂದವರೇ ಸುತ್ತಿಗೆ, ಉಳಿ ತೆಗೆದುಕೊಂಡು ಆ ಗೋಡೆಯನ್ನೇ ಒಡೆದರು. ಸಾಯಂಕಾಲದ ಹೊತ್ತಿಗೆ ಅಕ್ಕನ ಮಂಚದೆದುರು ಆರಡಿ ಉದ್ದ, ನಾಲ್ಕಡಿ ಎತ್ತರದ ಗಾಜು ಕೂತಿತ್ತು. ಆಚೆ ಹಿತ್ತಲು. ಅಗಲವಾದ ಮಣ್ಣಿನ ಬಟ್ಟಲಲ್ಲಿ ನೀರು ತುಂಬಿ, ಹಕ್ಕಿ ಕೂರಲಿ ಅಂತ ನಡುವೆ ಒಂದು ಕಲ್ಲಿಟ್ಟರು. ಹಲಗೆಯ ಮೇಲೆ ನುಚ್ಚು ಸುರಿದರು. ಕಂಬಕ್ಕೆ ಮೊಳೆ ಹೊಡೆದು ಅರ್ಧ ಪಪ್ಪಾಯಿ ಚುಚ್ಚಿದರು. ‘ನಿಂಗೂ ಹಿತ್ತಲಿಗೂ ಮಧ್ಯ ಇನ್ನು ಏನೂ ಇರಲ್ಲ ಕಣೆ’ ಎಂದು ಅಕ್ಕನ ಕಿವಿಯ ಹತ್ತಿರ ಬಗ್ಗಿ ಹೇಳಿದರು. ಆ ಗಾಜಿಗೆ ಅವರು ಅಡ್ಡ ಹಾಕಲಿಲ್ಲ. ಹಾಸಿಗೆ ಹಿಡಿದವಳ ಕೋಣೆಯಲ್ಲಿ ಗಾಜಿಗೆ ಗುದ್ದಿಕೊಳ್ಳಲು ಯಾರಿದ್ದಾರೆ?

ಮೂರನೆಯ ದಿನ ಗುಬ್ಬಿಗಳು ಬಂದವು. ಆಮೇಲೆ ಮೈನಾ, ಬೆಳವ, ತಲೆಯ ಮೇಲೆ ಜುಟ್ಟಿರುವ ಪಿಕಳಾರ. ಪಪ್ಪಾಯಿಗಾಗಿ ಎರಡು ಪಿಕಳಾರ ಜಗಳವಾಡಿ ಒಂದು ನೀರಿಗೆ ಬಿದ್ದಾಗ ಅಕ್ಕನ ಸೊಟ್ಟಬಾಯಿ ಇನ್ನಷ್ಟು ಸೊಟ್ಟಗಾಯಿತು. ನಗುತ್ತಿದ್ದಾಳೆ ಅಂತ ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಅಂದು ಅವಳು ಅರ್ಧ ಬಟ್ಟಲು ಗಂಜಿ ಕುಡಿದಳು. ಭಾವ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತರು.

ತಿಂಗಳು ತುಂಬುವ ಮೊದಲೇ ಸಾವು ಶುರುವಾಯಿತು. ನಾನು ಮಾರುಕಟ್ಟೆಯಿಂದ ಬರುವಷ್ಟರಲ್ಲಿ ಗಾಜಿನ ಕೆಳಗೆ ಪುಕ್ಕಗಳ ಗುಡ್ಡೆ. ಒಂದು ದಿನ ಬೆಳವದ ರೆಕ್ಕೆ ಮಾತ್ರ. ಇನ್ನೊಂದು ದಿನ ಕತ್ತು ಹೊರಳಿದ ಮೈನಾ, ಕೊಕ್ಕಿನಲ್ಲಿ ಒಂದು ಹನಿ ರಕ್ತ. ಮತ್ತೊಂದು ದಿನ ಆ ಕಳ್ಳನನ್ನು ನಾನೇ ಕಣ್ಣಾರೆ ಕಂಡೆ. ಪಕ್ಕದ ಮನೆಯ ಟೈಲರಮ್ಮನ ಬೆಕ್ಕು, ಪಿಕಳಾರವನ್ನು ಬಾಯಲ್ಲಿ ಕಚ್ಚಿಕೊಂಡು ಗೋಡೆ ಹತ್ತುತ್ತಿತ್ತು. ಹಕ್ಕಿ ಇನ್ನೂ ಕಾಲು ಒದರುತ್ತಿತ್ತು. ಕೆಂಚು ಬಣ್ಣ, ಹರಿದ ಕಿವಿ, ಮೈತುಂಬ ಕೊಬ್ಬು. ಹೆಸರು ಸಾಹುಕಾರ. ಟೈಲರಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹೊಲಿಗೆ ಮಿಶನ್ನಿನ ಪಕ್ಕದ ಸ್ಟೂಲಿನ ಮೇಲೆ ಸಾಹುಕಾರನಿಗೆ ಒಂದು ದಿಂಬು ಇತ್ತು.

ಭಾವನಿಗೆ ಹೇಳಿದವಳು ನಾನೇ. ಉಪ್ಪು ಖಾರ ಹಚ್ಚಿಯೇ ಹೇಳಿದೆ.

ಅಲ್ಲಿಂದ ಯುದ್ಧ. ಭಾವ ಗೋಡೆಯ ಮೇಲೆ ಗಾರೆ ಮೆತ್ತಿ ಒಡೆದ ಗಾಜಿನ ಚೂರು ನೆಟ್ಟರು. ಎರಡು ದಿನದಲ್ಲಿ ಬೆಕ್ಕಿನ ಪಾದ ಸೀಳಿ ಗೋಡೆಯುದ್ದಕ್ಕೂ ಕೆಂಪು ಹೆಜ್ಜೆ ಮೂಡಿದವು. ಆದರೂ ಅದು ಬಂತು. ಟೈಲರಮ್ಮ ಕತ್ತರಿ ಕೈಯಲ್ಲೇ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು, ನೀವು ಮನುಷ್ಯರಾ ರಾಕ್ಷಸರಾ ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ನಾನು ಸುಮ್ಮನಿರುವವಳೇ? ಬೆಕ್ಕಿಗೆ ಒಂದು ಗಂಟೆ ಕಟ್ಟು ಅಂದೆ. ಕಟ್ಟಿದಳು, ಪಾಪ. ಗಂಟೆ ಕಟ್ಟುವವರು ಯಾರು ಅಂತ ಇಲಿಗಳಿಗೆ ಇದ್ದ ಚಿಂತೆ ನಮಗೆ ಇರಲಿಲ್ಲ. ಗಂಟೆ ಕಟ್ಟಿದ ವಾರದಲ್ಲೇ ಐದು ಹಕ್ಕಿ ಸತ್ತವು. ಗಂಟೆಯ ಸದ್ದಿಗೆ ಹಕ್ಕಿ ಹಾರಿಹೋಗಬೇಕಲ್ಲ, ಸಾಯುವುದು ಹೇಗೆ ಎಂದು ನಾವಿಬ್ಬರೂ ಯೋಚಿಸಲಿಲ್ಲ. ಸಿಟ್ಟಿಗೆ ಕಣ್ಣಿಲ್ಲ ಅನ್ನುತ್ತಾರೆ. ಬುದ್ಧಿಯೂ ಇಲ್ಲ.

ಆ ದಿನಗಳಲ್ಲೇ ಅಕ್ಕನ ಬಾಯಿಗೆ ಮೂರನೆಯ ಮಾತು ಬಂತು. ಭಾವ ಗಾಜಿನ ಮುಂದೆ ನಿಂತು ಹೊರಗೆ ನೋಡುತ್ತಿದ್ದರು. ಹಿಂದಿನಿಂದ ಅಕ್ಕ ಒತ್ತಿ ಒತ್ತಿ ‘ಅಡ್ಡ’ ಅಂದಳು.

ಭಾವ ಹಿಗ್ಗಿಹೋದರು. ‘ಕೇಳಿದ್ಯೇನೆ ಚಿಕ್ಕೋಳೆ, ಮಾತಾಡಿದ್ಲು. ನಾನು ಅಡ್ಡ ನಿಂತಿದೀನಂತೆ’ ಎಂದು ನನಗೆ ಹೇಳಿ ಪಕ್ಕಕ್ಕೆ ಸರಿದರು. ಅಕ್ಕ ತಲೆ ಅಲ್ಲಾಡಿಸಿ ಮತ್ತೆ ‘ಅಡ್ಡ’ ಅಂದಳು. ಹಾಗಾದರೆ ಪರದೆ ಅಡ್ಡವಿರಬೇಕು ಎಂದು ಪರದೆ ಕಿತ್ತೆಸೆದರು. ಮರುದಿನ ಮತ್ತೆ ‘ಅಡ್ಡ’. ಗಾಜಿನ ಅಂಚಿಗೆ ಹಬ್ಬಿದ್ದ ಬಳ್ಳಿ ಕಡಿದರು. ಆಮೇಲೆ ಕಳ್ಳರ ಭಯಕ್ಕೆ ಒಳಗೆ ಹಾಕಿದ್ದ ಕಬ್ಬಿಣದ ಸರಳುಗಳನ್ನೂ ಗರಗಸದಿಂದ ಕೊಯ್ದು ತೆಗೆದರು. ದಿನಾ ಸಂಜೆ ಕೆಲಸದಿಂದ ಬಂದು ಗಾಜಿನ ಹೊರಮೈ ಒರೆಸುವರು. ಅಲ್ಲಿ ಒಂದೊಂದು ಸಲ ರೆಕ್ಕೆ ಬಿಚ್ಚಿದ ಹಾಗೆ ಬೂದುಬಣ್ಣದ ಕಲೆ ಇರುತ್ತಿತ್ತು. ಹಾಳು ಧೂಳು ಎಂದು ಬೈದು, ಹಳೆ ಪೇಪರಿನಿಂದ ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಗಾಜು ದಿನದಿನಕ್ಕೆ ಗಾಳಿಯಂತಾಯಿತು. ಹಕ್ಕಿಗಳು ದಿನದಿನಕ್ಕೆ ಹೆಚ್ಚು ಸತ್ತವು. ಅಕ್ಕ ಮತ್ತೆ ಊಟ ಬಿಟ್ಟಳು.

ಹಗಲೆಲ್ಲ ಆ ಕೋಣೆಯಲ್ಲಿ ಇರುತ್ತಿದ್ದವಳು ಅವಳೊಬ್ಬಳೇ. ಭಾವ ಕೆಲಸಕ್ಕೆ, ನಾನು ಮಾರುಕಟ್ಟೆಗೆ. ಆಗುವುದನ್ನೆಲ್ಲ ಕಂಡವಳಿಗೆ ಮಾತಿರಲಿಲ್ಲ, ಮಾತಿದ್ದ ನಾವು ಏನನ್ನೂ ಕಂಡಿರಲಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಅಕ್ಕ ನೀರನ್ನೂ ಬೇಡವೆಂದ ದಿನ ಭಾವ ನನ್ನನ್ನು ಹಿತ್ತಲಿಗೆ ಕರೆದರು. ಇವಳು ಹೋಗುವ ಮೊದಲು ಅದು ಹೋಗಬೇಕು ಅಂದರು. ನಾಳೆ ನಾಲ್ಕು ಮೀನಿನ ತಲೆ ತಾ ಅಂದರು. ಬೇಡ ಭಾವ ಅನ್ನಬಹುದಿತ್ತು. ಅನ್ನಲಿಲ್ಲ. ರಕ್ತ ಜಾಸ್ತಿ ಇರುವ ತಲೆಗಳನ್ನೇ ಆರಿಸಿ ತಂದೆ.

ಮರುದಿನ ಸುಡು ಮಧ್ಯಾಹ್ನ, ಗಾಜಿನ ಎದುರಿಗೇ, ಅಕ್ಕನಿಗೆ ಕಾಣುವ ಹಾಗೇ ಕಟ್ಟಿಗೆಯ ಪೆಟ್ಟಿಗೆಯನ್ನು ಕೋಲಿಗೆ ಆನಿಸಿ ಕೆಳಗೆ ಮೀನಿಟ್ಟೆವು. ಸಾಹುಕಾರ ಕುಂಟುತ್ತ, ಗಂಟೆ ಆಡಿಸುತ್ತ ಬಂದ. ನನ್ನನ್ನು ನೋಡಿ ಒಂದು ಸಲ ಮಿಯಾಂವ್ ಅಂದ. ಮೀನಿನವಳ ಗುರುತು ಅವನಿಗೆ ಇತ್ತು. ತಲೆ ಒಳಗೆ ಹಾಕಿದ. ಭಾವ ಕೋಲು ಎಳೆದರು. ಪೆಟ್ಟಿಗೆ ಪೂರ್ತಿ ಮುಚ್ಚಲಿಲ್ಲ, ಸೊಂಟದ ಮೇಲೆ ಬಿತ್ತು. ಬೆಕ್ಕು ಬುಸುಗುಟ್ಟುತ್ತ ಅರ್ಧ ಮೈ ಹೊರಗೆ ಎಳೆದುಕೊಂಡಿತು. ನಾನು ಪೆಟ್ಟಿಗೆಯ ಮೇಲೆ ಮಂಡಿಯೂರಿ ಕುತ್ತಿಗೆ ಒತ್ತಿ ಹಿಡಿದೆ. ನನ್ನ ಮುಂಗೈಯನ್ನು ಮೊಣಕೈವರೆಗೆ ಉಗುರಿನಿಂದ ಸೀಳಿಬಿಟ್ಟಿತು. ‘ಬಿಡಬೇಡ’ ಎಂದು ಭಾವ ಹಾರೆಯನ್ನು ಎತ್ತಿದರು.

ಆಗ ಒಳಗಿನಿಂದ ಅಕ್ಕ ಕಿರುಚಿದಳು. ಗಾಜಿನಾಚೆಯಿಂದಲೂ ನಮಗೆ ಕೇಳಿತು. ‘ಅಡ್ಡ, ಅಡ್ಡ, ಅಡ್ಡ.’

ಭಾವ ಹಾರೆ ಎತ್ತಿದ ಕೈಯಲ್ಲೇ ಒಂದು ಸಲ ತಿರುಗಿ ನೋಡಿದರು. ಅಕ್ಕನಿಗೆ ಚೆನ್ನಾಗಿ ಕಾಣಲಿ ಎಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆಮೇಲೆ ಹೊಡೆದರು. ಮೊದಲ ಏಟಿಗೆ ಅದು ಸಾಯಲಿಲ್ಲ. ಮೂರನೆಯದಕ್ಕೆ ತಲೆಬುರುಡೆ ಒಡೆದು ನನ್ನ ಕೈ ಬೆಚ್ಚಗಾಯಿತು. ಗಂಟೆ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು. ಗಾಜಿನ ಕೆಳಗೇ, ಹಕ್ಕಿಗಳನ್ನು ಹೂತಿದ್ದ ಸಾಲಿನಲ್ಲೇ ಗುಂಡಿ ತೋಡಿ ಮುಚ್ಚಿದೆವು. ಇನ್ನು ಇವಳು ಉಣ್ಣುತ್ತಾಳೆ ಎಂದು ಭಾವ ಬೆವರು ಒರೆಸಿಕೊಂಡರು.

ಮಾರನೆಯ ಬೆಳಗ್ಗೆ ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಭಾವ ಹಲಗೆಯ ತುಂಬ ನುಚ್ಚು ಸುರಿದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ‘ನೋಡೇ, ಇನ್ನು ಯಾರ ಕಾಟಾನೂ ಇಲ್ಲ’ ಅಂದರು. ಅಕ್ಕ ಅವರತ್ತ ತಿರುಗಲಿಲ್ಲ. ಗುಬ್ಬಿಗಳು ಇಳಿದವು, ಬೆಳವಗಳು ಇಳಿದವು. ಹಿತ್ತಲು ಚಿಲಿಪಿಲಿ ಅನ್ನುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಒಂದು ಗಿಡುಗ ಎರಗಿತು. ಅದಕ್ಕೆ ಒಂದೂ ಸಿಗಲಿಲ್ಲ. ಆದರೆ ಇಡೀ ಹಿಂಡು ಬೆದರಿ ಎದ್ದು, ಆಕಾಶವಿದೆ ಅಂದುಕೊಂಡು ನೇರ ನಮ್ಮ ಮುಖಕ್ಕೆ ಹಾರಿ ಬಂತು.

ಧಬ್. ಧಬ್ ಧಬ್. ಭಾವ ಕೈಯಿಂದ ಮುಖ ಮುಚ್ಚಿಕೊಂಡರು. ಬೆಳವವೊಂದು ಎಷ್ಟು ಜೋರಾಗಿ ಹೊಡೆಯಿತೆಂದರೆ ಚೌಕಟ್ಟು ನಡುಗಿತು. ನಾಲ್ಕು ಹಕ್ಕಿ ಕೆಳಗೆ ಬಿದ್ದವು. ಒಂದು ಗುಬ್ಬಿ ಬೆನ್ನ ಮೇಲೆ ಬಿದ್ದು ಸುತ್ತುತ್ತಿತ್ತು, ಬರಬರುತ್ತ ನಿಂತಿತು. ಗಾಜಿನ ಮೇಲೆ ಬೂದುಬಣ್ಣದ ರೆಕ್ಕೆಯ ಗುರುತು ಉಳಿಯಿತು. ಭಾವ ದಿನಾ ಉಜ್ಜಿ ತೆಗೆಯುತ್ತಿದ್ದ ಧೂಳು ಅದು.

‘ಅಡ್ಡ’ ಎಂದಳು ಅಕ್ಕ. ಈ ಸಲ ಎಡಗೈ ಎತ್ತಿ ಗಾಳಿಯಲ್ಲಿ ಆ ಮೂಲೆಯಿಂದ ಈ ಮೂಲೆಗೆ ಒಂದು ಗೆರೆ ಎಳೆದಳು. ಈ ಮೂಲೆಯಿಂದ ಆ ಮೂಲೆಗೆ ಇನ್ನೊಂದು.

‘ಸುಣ್ಣದ ಅಡ್ಡ’ ಅಂದರು ಭಾವ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾವು ಹುಡುಕಿದ್ದಷ್ಟೇ ಅಲ್ಲ, ಒಂದು ಕೊಲೆಯನ್ನೂ ಮಾಡಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆಕ್ಕು ಬಿದ್ದದ್ದನ್ನು ಎತ್ತಿಕೊಂಡು ಹೋಗುತ್ತಿತ್ತು, ಅಷ್ಟೇ. ಕೊಲ್ಲುತ್ತಿದ್ದದ್ದು ಭಾವನ ಗಾಜು.

ಅವರು ಮೂಲೆಯಲ್ಲಿದ್ದ ಸುತ್ತಿಗೆ ಕಿತ್ತುಕೊಂಡು ಗಾಜಿನ ಮೇಲೆ ಬೀಸಲು ಹೋದರು. ನಾನು ತೋಳಿಗೆ ಜೋತುಬಿದ್ದೆ. ನನ್ನನ್ನು ಗೋಡೆಗೆ ನೂಕಿದರು. ‘ಬೇಡ’ ಎಂದಳು ಅಕ್ಕ. ಸುತ್ತಿಗೆ ಕೆಳಗೆ ಬಿತ್ತು. ಭಾವ ಮಂಚದ ಅಂಚಿಗೆ ತಲೆ ಚಚ್ಚಿಕೊಳ್ಳತೊಡಗಿದರು. ಅಕ್ಕ ಎಡಗೈಯಿಂದ ಅವರ ಕೂದಲು ಹಿಡಿದು ಎಳೆದು ನಿಲ್ಲಿಸಿದಳು.

ನಾನು ಹಳೆಯ ಸುಣ್ಣದ ಡಬ್ಬಿ ಹುಡುಕಿ, ನೀರು ಹಾಕಿ ಕಲಸಿ ತಂದೆ. ಭಾವ ಅಕ್ಕನನ್ನು ಎತ್ತಿಕೊಂಡು ಹೊರಗೆ ಹೋಗಿ ಗಾಜಿನ ಮುಂದೆ ಹಿಡಿದರು. ಅವಳು ಬ್ರಶ್ ಅದ್ದಿ ಎಳೆದಳು. ಎಡಗೈ ಗೆರೆ, ಸೊಟ್ಟಗೆ ಹೋಯಿತು. ಎರಡನೆಯದೂ ಸೊಟ್ಟ. ಅಷ್ಟಕ್ಕೆ ಬಿಡದೆ ಇನ್ನೊಂದು, ಮತ್ತೊಂದು, ಗಾಜೆಲ್ಲ ತುಂಬುವವರೆಗೂ ಎಳೆದಳು. ಸುಣ್ಣ ಭಾವನ ಕಣ್ಣಿಗೂ ಸಿಡಿಯಿತು. ಅವರು ಒರೆಸಿಕೊಳ್ಳಲಿಲ್ಲ.

ಆಗ ಗೋಡೆಯಾಚೆಯಿಂದ ತಟ್ಟೆಗೆ ಚಮಚ ಬಡಿಯುವ ಸದ್ದು ಬಂತು. ‘ಸಾಹುಕಾರಾ, ಬಾರೋ ಮಗನೇ, ನಿನ್ನೆಯಿಂದ ಏನೂ ತಿಂದಿಲ್ವಲ್ಲೋ’ ಎಂದು ಟೈಲರಮ್ಮ ಕರೆಯುತ್ತಿದ್ದಳು.

ನಾನು ಕುರ್ಚಿ ಹೊರಗೆ ತಂದೆ. ಭಾವ ಅಕ್ಕನನ್ನು ಅದರಲ್ಲಿ ಕೂರಿಸಿ ಪಕ್ಕದ ಮನೆಗೆ ನಡೆದರು. ನಾನೂ ಹಿಂದೆ ಹೋದೆ. ಟೈಲರಮ್ಮ ಹಾಲಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ನಿಮ್ಮ ಬೆಕ್ಕನ್ನ ನಾನು ಕೊಂದೆ. ಅದರ ತಪ್ಪಿರಲಿಲ್ಲ’ ಎಂದರು ಭಾವ. ನಾನು ಸೀಳಿದ ಕೈ ಮುಂದೆ ಚಾಚಿ, ಹಿಡಿದುಕೊಂಡವಳು ನಾನು ಅಂದೆ.

ಅವಳು ತಟ್ಟೆಯನ್ನು ನಿಧಾನವಾಗಿ ಸ್ಟೂಲಿನ ದಿಂಬಿನ ಪಕ್ಕ ಇಟ್ಟಳು. ಬಟ್ಟೆ ಅಳೆಯುವ ಮರದ ಗಜಕೋಲು ತೆಗೆದುಕೊಂಡಳು. ಹೆಗಲು, ಕುತ್ತಿಗೆ, ಕಿವಿ, ಎಲ್ಲಿ ಬೇಕೆಂದರಲ್ಲಿ ಹೊಡೆದಳು. ಭಾವನ ಹುಬ್ಬು ಒಡೆದು ರಕ್ತ ಸುರಿಯಿತು. ಅವರು ಕೈ ಅಡ್ಡ ಹಿಡಿಯಲಿಲ್ಲ. ನನಗೂ ನಾಲ್ಕು ಬಿದ್ದವು. ಕೋಲು ಎರಡು ತುಂಡಾದ ಮೇಲೆ ಅವಳು ಅಲ್ಲೇ ಕುಸಿದು ಕೂತು, ‘ಎಲ್ಲಿ ಹೂತಿದ್ದೀರಿ?’ ಎಂದು ಕೇಳಿದಳು.

ಕರೆದುಕೊಂಡು ಬಂದು ತೋರಿಸಿದೆವು. ಹಸಿ ಮಣ್ಣಿನ ಮುಂದೆ ಅವಳು ಬಗ್ಗಿ ನಿಂತಳು. ಆಮೇಲೆ ತಲೆಯೆತ್ತಿ, ಸುಣ್ಣ ಸವರಿದ ಗಾಜನ್ನೂ ಕುರ್ಚಿಯಲ್ಲಿದ್ದ ಅಕ್ಕನನ್ನೂ ನೋಡಿದಳು. ಅಕ್ಕ ಸುಣ್ಣದ ಎಡಗೈಯನ್ನು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸಿದಳು. ಟೈಲರಮ್ಮ ಅವಳ ಪಕ್ಕ ನೆಲದ ಮೇಲೆ ಕೂತಳು. ನಾನು ಗಂಜಿ ತಂದಾಗ ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಕುಡಿಸಿದಳು. ಅಕ್ಕ ‘ಬೇಡ’ ಅನ್ನಲಿಲ್ಲ.

ಅಂದು ಅವಳು ಬಟ್ಟಲು ತುಂಬ ಉಂಡಳು. ಭಾವ ಉಣ್ಣಲಿಲ್ಲ.